ರೆಸಾರ್ಟ್ ಥೀಮ್‌ಗಳು: ನೋಡಲು ಚೆಂದ, ರೂಮ್ ಬುಕ್ ಮಾಡಲು ಕಷ್ಟ

ಚಿಕ್ಕಮಗಳೂರು, ಸಕಲೇಶಪುರ, ಕೊಡಗಿನ ಕಡೆಯ ಹೋಂಸ್ಟೇಗಳ ವೆಬ್‌ಸೈಟ್‌ಗಳನ್ನು ಒಂದರ ಪಕ್ಕ ಒಂದು ತೆರೆದಿಟ್ಟರೆ ಬಹಳಷ್ಟು ಒಂದೇ ತಾಯಿಯ ಮಕ್ಕಳ ಹಾಗೆ ಕಾಣುತ್ತವೆ. ಪರದೆ ತುಂಬ ಮಂಜು ಮುಸುಕಿದ ತೋಟದ ವಿಡಿಯೊ, ಅದರ ಮೇಲೆ ತೆಳ್ಳನೆಯ ಬಿಳಿ ಅಕ್ಷರ, ನಡುವೆ ಚಿನ್ನದ ಬಣ್ಣದ ಬಟನ್. ಕೆಳಗೆ ಸರಿಸಿದಂತೆ ಒಂದೊಂದೇ ಫೋಟೊ ಮೆಲ್ಲಗೆ ಮೂಡುತ್ತದೆ. ವರ್ಡ್‌ಪ್ರೆಸ್ ಎಂಬ ಸೈಟ್ ಕಟ್ಟುವ ತಂತ್ರಾಂಶದ ಥೀಮ್ ಅಂಗಡಿಗಳಲ್ಲಿ ‘ರೆಸಾರ್ಟ್’, ‘ಲಕ್ಷುರಿ ಸ್ಟೇ’ ಎಂಬ ಹಣೆಪಟ್ಟಿ ಹಚ್ಚಿ ಮಾರುವ ಸಿದ್ಧ ಅಚ್ಚು ಇದು. ಹೋಂಸ್ಟೇ ಮಾಲೀಕರು ಡೆಮೊ ನೋಡಿ ಮೆಚ್ಚುತ್ತಾರೆ, ಸೈಟ್ ಮಾಡಿಕೊಡುವವರು ಫೋಟೊ, ಹೆಸರು ಬದಲಿಸಿ ವಾರದೊಳಗೆ ಕೈಗಿಡುತ್ತಾರೆ.

ಈ ವಿಮರ್ಶೆ ಆ ಅಚ್ಚಿನದು. ಯಾವುದೋ ಒಂದು ಥೀಮ್‌ನ ಹೆಸರು ಹಿಡಿದು ಬರೆದಿಲ್ಲ. ಬಣ್ಣ, ಫೋಟೊ ಬೇರೆ ಇದ್ದರೂ ಇವುಗಳ ಒಳಗಿನ ಕಟ್ಟೋಣ ಒಂದೇ, ತಪ್ಪುಗಳೂ ಅವೇ. ಅಳತೆಗೆ ಇಟ್ಟುಕೊಂಡಿದ್ದು ಐದು ಬಗೆಯ ಬಳಕೆ: 360 ಪಿಕ್ಸೆಲ್ ಅಗಲದ ಸಾಧಾರಣ ಆಂಡ್ರಾಯ್ಡ್ ಫೋನ್, ಮೌಸ್ ಮುಟ್ಟದೆ ಬರೀ ಕೀಬೋರ್ಡ್, ಕಂಪ್ಯೂಟರಿನಲ್ಲಿ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ (ಕಣ್ಣು ಕಾಣದವರಿಗೆ ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ), ಫೋನಿನಲ್ಲಿ ಅದೇ ಕೆಲಸ ಮಾಡುವ ಟಾಕ್‌ಬ್ಯಾಕ್, ಮತ್ತು ಪುಟವನ್ನು 400 ಶೇಕಡಾಕ್ಕೆ ಹಿಗ್ಗಿಸಿ ಓದುವುದು. ಒರೆಗಲ್ಲು ಡಬ್ಲ್ಯುಸಿಎಜಿ 2.2, ಅಂದರೆ ಸೈಟ್‌ಗಳು ಅಂಗವಿಕಲರಿಗೂ ಎಟಕುವಂತಿರಲಿ ಎಂದು ವೆಬ್‌ನ ಮಾನದಂಡ ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2023ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ. ಅದಕ್ಕಿಂತ ಮುಖ್ಯವಾಗಿ ಒಂದೇ ಪ್ರಶ್ನೆ: ಬಂದವರಿಗೆ ಎರಡು ರಾತ್ರಿಗೆ ರೂಮ್ ಬುಕ್ ಮಾಡಲು ಆಗುತ್ತದೆಯೇ?

ಒಳ್ಳೆಯದನ್ನು ಮೊದಲು ಹೇಳಬೇಕು. ಅಂಚು, ಅಂತರ, ಫೋಟೊಗಳ ಜೋಡಣೆಯಲ್ಲಿ ಈ ಥೀಮ್‌ಗಳ ಕೈಚಳಕ ನಿಜಕ್ಕೂ ದೊಡ್ಡದು. ಕೊಠಡಿಯ ಪುಟದಲ್ಲಿ ಯಾವ ಮಾಹಿತಿ ಮೇಲೆ, ಯಾವುದು ಕೆಳಗೆ ಎಂಬ ಕ್ರಮ ಸರಿಯಾಗಿದೆ. ಇಂಗ್ಲಿಷ್ ಶೀರ್ಷಿಕೆಗಳು ದೊಡ್ಡ ಪರದೆಯಲ್ಲಿ ಮನಸ್ಸಿಗೆ ಹಿತ. ತೊಂದರೆ ಏನೆಂದರೆ, ಮುಂದೆ ಹೇಳುವ ಒಂದೊಂದು ದೋಷವೂ ಇದೇ ಚೆಂದಕ್ಕಾಗಿ ಬೇಕೆಂದೇ ಮಾಡಿದ ಆಯ್ಕೆಯಿಂದ ಹುಟ್ಟಿದೆ. ಮರೆವಿನಿಂದ ಉಳಿದ ತಪ್ಪಾದರೆ ಮುಂದಿನ ಅಪ್‌ಡೇಟಿನಲ್ಲಿ ಸರಿಹೋದೀತು. ಇವು ಹಾಗೆ ಹೋಗುವಂಥವಲ್ಲ.

ಮೊದಲ ಪರದೆ

ಸೈಟ್ ತೆರೆದ ಕೂಡಲೇ ಲೋಗೊ ತಿರುಗುತ್ತದೆ. ಇದು ಪ್ರೀಲೋಡರ್. ಪುಟದ ಚಿತ್ರ, ಸ್ಕ್ರಿಪ್ಟ್ ಎಲ್ಲ ಬಂದು ಮುಗಿಯುವವರೆಗೆ ಇದು ಪರದೆಯನ್ನು ಮುಚ್ಚಿಟ್ಟಿರುತ್ತದೆ. ಮುಖಪುಟದ ಒಟ್ಟು ತೂಕ 18 ಎಂಬಿ ಇದ್ದರೆ, 2 ಎಂಬಿಪಿಎಸ್ ಸಂಪರ್ಕದಲ್ಲಿ ಇಳಿಯಲು 72 ಸೆಕೆಂಡ್ ಬೇಕು. ಘಾಟಿಯ ತಿರುವಿನಲ್ಲಿ ಕಾರು ನಿಲ್ಲಿಸಿ ಹೋಂಸ್ಟೇಯ ನಂಬರ್ ಹುಡುಕುವವರಿಗೆ ಆ 2 ಎಂಬಿಪಿಎಸ್ ಕೂಡ ಗ್ಯಾರಂಟಿ ಇಲ್ಲ. ಫೋನ್ ನಂಬರ್ ಇರುವ ಪಠ್ಯ ಮೊದಲ ಕೆಲವೇ ಕೆಬಿಯೊಳಗೆ ಬಂದು ಕುಳಿತಿದ್ದರೂ ಲೋಗೊ ಅದನ್ನು ಕಾಣಗೊಡುವುದಿಲ್ಲ. ಪ್ರೀಲೋಡರ್ ಅನ್ನು ಥೀಮ್‌ನ ಸೆಟ್ಟಿಂಗ್‌ನಲ್ಲಿ ಆರಿಸಿಬಿಡಿ. ಬಹುಪಾಲು ಥೀಮ್‌ಗಳಲ್ಲಿ ಒಂದು ಟಿಕ್ ತೆಗೆದರೆ ಸಾಕು. ಫೋನಿಗೆ ವಿಡಿಯೊ ಬೇಡ, ಅದರ ಜಾಗದಲ್ಲಿ 150 ಕೆಬಿಯೊಳಗಿನ ಒಂದು ಫೋಟೊ ಇರಲಿ.

ವಿಡಿಯೊ ಮೇಲಿನ ಬಿಳಿ ಅಕ್ಷರದ ಲೆಕ್ಕ ನೋಡಿ. ಮಾರ್ಗಸೂಚಿಯ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್, ಅಂದರೆ ಎರಡರ ಹೊಳಪಿನ ಅನುಪಾತ, ಕನಿಷ್ಠ 4.5 ಇರಬೇಕು, 24 ಪಿಕ್ಸೆಲ್‌ಗೆ ಮೇಲ್ಪಟ್ಟ ದೊಡ್ಡ ಅಕ್ಷರಕ್ಕೆ 3 ಸಾಕು. ಮಂಜಿನ ಬೂದು, ಆರ್‌ಜಿಬಿಯಲ್ಲಿ (ಕೆಂಪು, ಹಸಿರು, ನೀಲಿಯ ಪ್ರಮಾಣ, ತಲಾ 0ರಿಂದ 255) 200, 200, 200 ಅಂತಿಟ್ಟುಕೊಂಡರೆ, ಬಿಳಿ ಅಕ್ಷರದ ಎದುರು ಕಾಂಟ್ರಾಸ್ಟ್ 1.67. ಡೆಮೊದಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಡೆಮೊ ವಿಡಿಯೊ ಸಂಜೆಗತ್ತಲಿನ ಸಮುದ್ರದ್ದು. ನಮ್ಮ ಮಲೆನಾಡಿನ ಬೆಳಗಿನ ವಿಡಿಯೊ ಹಾಕಿದ ತಕ್ಷಣ ಅಕ್ಷರ ಮಂಜಿನಲ್ಲಿ ಕರಗುತ್ತದೆ. ಥೀಮ್‌ನವರು ವಿಡಿಯೊ ಮೇಲೆ 30 ಶೇಕಡಾ ಕಪ್ಪು ಪದರ ಹಾಕಿರುತ್ತಾರೆ. ಅಚ್ಚ ಬಿಳಿಯ ಮೇಲೆ ಅದರಿಂದ ಸಿಗುವುದು 2.1 ಅಷ್ಟೆ. ಪದರವನ್ನು 50ಕ್ಕೆ ಏರಿಸಿದರೆ 4ರ ಆಸುಪಾಸು, 55ಕ್ಕೆ 4.7, 60ಕ್ಕೆ 5.7. ಹಾಗಾಗಿ 60 ಇಡಿ. ಮೋಡವೇ ಬರಲಿ, ಮಂಜೇ ಬರಲಿ, ಅಕ್ಷರ ನಿಲ್ಲುತ್ತದೆ.

ಚಿನ್ನದ ಬಟನ್ ಇನ್ನೂ ಸುಲಭ. ಚಿನ್ನದ ಬಣ್ಣ 212, 175, 55. ಅದರ ಮೇಲೆ ಬಿಳಿ ಅಕ್ಷರದ ಕಾಂಟ್ರಾಸ್ಟ್ 2.1. ಅದೇ ಬಟನ್ ಮೇಲೆ ಕಪ್ಪು ಅಕ್ಷರ ಇಟ್ಟರೆ ಹತ್ತಿರ ಹತ್ತಿರ 10. ಒಂದು ಬಣ್ಣ ಬದಲಿಸಿದರೆ ಕೆಲಸ ಮುಗಿಯಿತು, ಚಿನ್ನ ಚಿನ್ನವಾಗಿಯೇ ಉಳಿಯುತ್ತದೆ. ಕೊಠಡಿ ವಿವರದ ಬೂದು ಅಕ್ಷರವೂ ಹಾಗೆಯೇ: 153ರ ಬೂದು ಬಿಳಿಯ ಮೇಲೆ 2.85 ಬರುತ್ತದೆ, 118ರ ಬೂದು 4.54. ಬಿಸಿಲಲ್ಲಿ ಫೋನ್ ಹಿಡಿದವರಿಗೂ, ಐವತ್ತು ದಾಟಿದ ಕಣ್ಣಿಗೂ ಈ ವ್ಯತ್ಯಾಸ ದೊಡ್ಡದು. ಇದು ನಮ್ಮ ಊರಿನ ಥೀಮ್‌ಗಳಿಗಷ್ಟೇ ಅಂಟಿದ ರೋಗವೂ ಅಲ್ಲ. ವೆಬ್‌ಏಮ್ ಸಂಸ್ಥೆ 2025ರಲ್ಲಿ 10 ಲಕ್ಷ ಮುಖಪುಟಗಳನ್ನು ಯಂತ್ರದಿಂದ ಪರೀಕ್ಷಿಸಿದಾಗ 79.1 ಶೇಕಡಾ ಪುಟಗಳಲ್ಲಿ ಮಂಕು ಅಕ್ಷರ ಸಿಕ್ಕಿತ್ತು. ಎಲ್ಲ ದೋಷಗಳ ಪೈಕಿ ಮೊದಲ ಸ್ಥಾನ ಅದಕ್ಕೇ.

ಇನ್ನೊಂದು. ಮೊದಲ ಪರದೆಯ ಎತ್ತರವನ್ನು ಪರದೆಯ ನೂರಕ್ಕೆ ನೂರು ಎಂದು 100ವಿಎಚ್ ಅಳತೆಯಲ್ಲಿ ಕಟ್ಟಿರುತ್ತಾರೆ. ಫೋನಿನ ಬ್ರೌಸರ್‌ನಲ್ಲಿ ವಿಳಾಸದ ಪಟ್ಟಿಯೂ ಜಾಗ ತಿನ್ನುವುದರಿಂದ ಅಡಿಯಲ್ಲಿರುವ ಬುಕಿಂಗ್ ಬಟನ್ ಅರ್ಧ ಪರದೆಯಾಚೆ ಬೀಳುತ್ತದೆ. ವಿಳಾಸದ ಪಟ್ಟಿ ಬಿಟ್ಟು ಉಳಿದ ಎತ್ತರವನ್ನಷ್ಟೇ ಎಣಿಸುವ 100ಎಸ್‌ವಿಎಚ್ ಅಳತೆ ಇಟ್ಟರೆ ಸರಿ.

ಕನ್ನಡ ಹಾಕಿದ ಮೇಲೆ

ಈ ಥೀಮ್‌ಗಳನ್ನು ರೂಪಿಸಿದವರ ಕಣ್ಣಮುಂದೆ ಇದ್ದದ್ದು ಇಂಗ್ಲಿಷ್ ಅಕ್ಷರ. ಕೆಳಗೆ ಒತ್ತು ಬರುವ, ಮೇಲೆ ಗುಡಿಸು ಏಳುವ ಲಿಪಿ ಅವರ ಎಣಿಕೆಯಲ್ಲಿ ಇರಲಿಲ್ಲ. ಶೀರ್ಷಿಕೆಗಳ ಲೈನ್-ಹೈಟ್ (ಅಕ್ಷರದ ಗಾತ್ರಕ್ಕೆ ಹೋಲಿಸಿ ಸಾಲಿನ ಎತ್ತರ) 1.1 ಇಟ್ಟು, ಅಕ್ಷರ ಕೆಳಗಿನಿಂದ ಮೇಲೇಳುವ ಆಟಕ್ಕಾಗಿ ಸಾಲಿನಾಚೆ ಚಾಚಿದ್ದನ್ನೆಲ್ಲ ಅಡಗಿಸಿರುತ್ತಾರೆ. ಆಗ ಕತ್ತರಿ ಬೀಳುವುದು ಸೀದಾ ಒತ್ತಕ್ಷರಕ್ಕೆ. ‘ಮಕ್ಕಳಿಗೆ ರಿಯಾಯಿತಿ’ ಎಂಬುದು ‘ಮಕಳಿಗೆ’ ಎಂದು ಕಾಣುತ್ತದೆ, ಊಟದ ಪುಟದಲ್ಲಿ ‘ಮುದ್ದೆ’ ‘ಮುದೆ’ಯಾಗುತ್ತದೆ. ಎಷ್ಟೋ ಸಲ ಮಾಲೀಕರು ಇದನ್ನು ಟೈಪಿಂಗ್ ತಪ್ಪೆಂದು ತಿಳಿದು ತಿದ್ದಲು ಹೋಗುತ್ತಾರೆ. ಅಕ್ಷರ ಸರಿಯಾಗಿಯೇ ಇದೆ, ಜಾಗ ಸಾಲದಾಗಿದೆ. ಕನ್ನಡ ಶೀರ್ಷಿಕೆಗೆ ಲೈನ್-ಹೈಟ್ 1.5, ಓದುವ ಪಠ್ಯಕ್ಕೆ 1.7 ಇಡಿ. ಸಾಲಿನ ಅಡಗಿಸುವಿಕೆಯನ್ನು ತೆಗೆಯಲಾಗದಿದ್ದರೆ ಶೀರ್ಷಿಕೆಯ ಅಡಿಗೆ 0.3 ಇಎಂ, ಅಂದರೆ ಅಕ್ಷರದ ಗಾತ್ರದ 0.3 ಪಾಲು, ಪ್ಯಾಡಿಂಗ್ (ಖಾಲಿ ಜಾಗ) ಕೊಡಿ.

ಸಣ್ಣ ಉಪಶೀರ್ಷಿಕೆಗಳದ್ದು ಬೇರೆ ಕಥೆ. ಇಂಗ್ಲಿಷಿನಲ್ಲಿ ಅವು ದೊಡ್ಡಕ್ಷರದಲ್ಲಿ, ಅಕ್ಷರಗಳ ನಡುವೆ 0.3 ಇಎಂ ಅಂತರದೊಂದಿಗೆ ಬರುತ್ತವೆ. ಕನ್ನಡಕ್ಕೆ ದೊಡ್ಡಕ್ಷರ ಎಂಬುದಿಲ್ಲ, ಹಾಗಾಗಿ ಅದರ ಪರಿಣಾಮ ಏನೂ ಕಾಣದು. ಅಂತರ ಮಾತ್ರ ಉಳಿದುಕೊಳ್ಳುತ್ತದೆ. ‘ಕೊ ಠ ಡಿ ಗ ಳು’ ಎಂದು ಓದಬೇಕಾಗುತ್ತದೆ. ಕನ್ನಡ ಪುಟದಲ್ಲಿ ಲೆಟರ್-ಸ್ಪೇಸಿಂಗ್ ಸೊನ್ನೆ ಮಾಡಿ. ಇಟ್ಯಾಲಿಕ್ ಕೂಡ ತೆಗೆಯಿರಿ. ಕನ್ನಡ ಫಾಂಟ್‌ಗಳಲ್ಲಿ ಸಾಮಾನ್ಯವಾಗಿ ಅದಕ್ಕೆಂದು ಬರೆದ ರೂಪ ಇರುವುದಿಲ್ಲ, ಬ್ರೌಸರ್ ನೆಟ್ಟಗಿನ ಅಕ್ಷರವನ್ನೇ ಬಲಕ್ಕೆ ವಾಲಿಸಿ ತೋರಿಸುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ಅಕ್ಷರ ಅಕ್ಷರವೇ ಹಾರಿಬರುವ ಶೀರ್ಷಿಕೆ. ಸ್ಕ್ರಿಪ್ಟ್ ಪದವನ್ನು ಒಂದೊಂದು ಸಂಕೇತವಾಗಿ ಕತ್ತರಿಸಿ, ಪ್ರತಿಯೊಂದನ್ನೂ ಬೇರೆ ಬೇರೆ ಡಬ್ಬಿಗೆ ಹಾಕಿ ಕುಣಿಸುತ್ತದೆ. ನಾವು ‘ಚಿಕ್ಕಮಗಳೂರು’ ಎಂಬಲ್ಲಿ ಆರು ಅಕ್ಷರ ಎಣಿಸುತ್ತೇವೆ. ಯೂನಿಕೋಡ್ ಲೆಕ್ಕದಲ್ಲಿ ಅದು 11 ಸಂಕೇತ: ಚ, ಗುಡಿಸು, ಕ, ವಿರಾಮ (ಅರ್ಧಾಕ್ಷರದ ಚಿಹ್ನೆ), ಕ, ಮ, ಗ, ಳ, ಊಕಾರದ ಚಿಹ್ನೆ, ರ, ಉಕಾರದ ಕೊಂಬು. ಹನ್ನೊಂದೂ ಬೇರೆಯಾದಾಗ ಗುಡಿಸು, ಕೊಂಬುಗಳು ಆಸರೆಯಿಲ್ಲದೆ ಚುಕ್ಕಿಗಳ ವೃತ್ತದ ಮೇಲೆ ಕೂರುತ್ತವೆ, ಒತ್ತು ಮೂಡುವುದೇ ಇಲ್ಲ. ಊರಿನ ಹೆಸರೇ ಪರದೆಯ ನಡುವೆ ಮುರಿದು ಬೀಳುತ್ತದೆ. ಸ್ಕ್ರೀನ್ ರೀಡರ್‌ಗೂ ಅದು ಹನ್ನೊಂದು ತುಂಡಾಗಿಯೇ ಸಿಗುವ ಅಪಾಯವಿದೆ, ಪದ ಕಿವಿಗೆ ಬೀಳುವುದಿಲ್ಲ. ಬ್ರೌಸರ್‌ನಲ್ಲಿ ಅಕ್ಷರಗಳನ್ನು ಗುಂಪಾಗಿ ಗುರುತಿಸುವ ಹೊಸ ಸವಲತ್ತು ಬಳಸಿದರೆ ಗುಡಿಸು ಕೊಂಬು ಉಳಿದಾವು, ಆದರೆ ‘ಕ್ಕ’ದಂಥ ಒತ್ತಕ್ಷರ ಒಡೆಯುವ ಭಯ ಉಳಿದೇ ಇರುತ್ತದೆ. ಕುಣಿತ ಬೇಕೇ ಬೇಕೆಂದರೆ ಪದಗಳ ನಡುವಿನ ಖಾಲಿ ಜಾಗದಲ್ಲಿ ಕತ್ತರಿಸಿ, ಇಡೀ ಪದ ಒಟ್ಟಿಗೆ ಬರಲಿ.

ಥೀಮ್ ಜತೆಗೆ ಬರುವ ಇಂಗ್ಲಿಷ್ ಫಾಂಟ್‌ನಲ್ಲಿ ಕನ್ನಡ ಇರುವುದಿಲ್ಲ. ಆಗ ವಿಂಡೋಸ್‌ನಲ್ಲಿ ನಿರ್ಮಲಾ ಯುಐ, ಆಂಡ್ರಾಯ್ಡ್‌ನಲ್ಲಿ ನೋಟೊ ಸಾನ್ಸ್ ಕನ್ನಡ, ಹೀಗೆ ಆಯಾ ಯಂತ್ರದಲ್ಲಿದ್ದದ್ದು ಬಂದು ಕೂರುತ್ತದೆ. ಓದಲು ಅಡ್ಡಿಯಿಲ್ಲ, ಆದರೆ ಸೈಟ್ ಒಂದೊಂದು ಕಡೆ ಒಂದೊಂದು ಥರ ಕಾಣುತ್ತದೆ. ಅನೆಕ್ ಕನ್ನಡ, ನೋಟೊ ಸಾನ್ಸ್ ಕನ್ನಡ, ತಿರೊ ಕನ್ನಡ ಮೂರೂ ಉಚಿತವಾಗಿ ಸಿಗುತ್ತವೆ. ಒಂದನ್ನು ಆರಿಸಿ, ಅಕ್ಷರದ ದಪ್ಪವನ್ನು ಸಾಮಾನ್ಯ ಮಟ್ಟವಾದ 400ಕ್ಕಿಂತ ಕೆಳಗಿಳಿಸಬೇಡಿ. ಇಂಗ್ಲಿಷಿಗೆ ಹೊಂದುವ 200, 300ರ ತೆಳುವಿನಲ್ಲಿ ಕನ್ನಡದ ಒತ್ತುಗಳು ಸಾಧಾರಣ ಪರದೆಯಲ್ಲಿ ಮಾಯವಾಗುತ್ತವೆ.

ಇಷ್ಟೆಲ್ಲ ರಗಳೆ ಯಾಕೆಂದು ಕೆಲವರು ಕನ್ನಡದ ಸಾಲುಗಳನ್ನು ನುಡಿ, ಬರಹಗಳ ಹಳೆಯ ಫಾಂಟಿನಲ್ಲಿ ಬರೆಸಿ ಚಿತ್ರವಾಗಿ ಹಾಕಿಬಿಡುತ್ತಾರೆ. ಆಮಂತ್ರಣ ಪತ್ರಿಕೆಗೆ ಅದು ಸರಿ. ವೆಬ್‌ಸೈಟಿನಲ್ಲಿ ಆ ಸಾಲು ಹುಡುಕಾಟಕ್ಕೆ ಸಿಗದು, ಹಿಗ್ಗಿಸಿದರೆ ಮಸುಕು, ಸ್ಕ್ರೀನ್ ರೀಡರ್‌ಗೆ ಬರೀ ‘ಚಿತ್ರ’. ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಪಠ್ಯವಾಗಿಯೇ ಹಾಕಬೇಕು. ಪುಟದ ಭಾಷೆಯನ್ನೂ ಗುರುತಿಸಬೇಕು: ಥೀಮ್‌ನ ಕೋಡ್‌ನಲ್ಲಿ ಭಾಷೆ ಅಮೆರಿಕನ್ ಇಂಗ್ಲಿಷ್ ಎಂದೇ ಉಳಿದಿದ್ದರೆ ಸ್ಕ್ರೀನ್ ರೀಡರ್ ಇಂಗ್ಲಿಷ್ ದನಿಯಲ್ಲಿ ಕನ್ನಡ ಓದಲು ಹೊರಟು ತಡವರಿಸುತ್ತದೆ. ಭಾಷೆಯ ಸಂಕೇತ ‘ಕೆಎನ್’ ಎಂದಾದರೆ, ಎನ್‌ವಿಡಿಎ ಜತೆ ಬರುವ ಇಸ್ಪೀಕ್ ಎನ್‌ಜಿ ಎಂಬ ದನಿ ತಂತ್ರಾಂಶದಲ್ಲಿ ಕನ್ನಡ ದನಿ ಇದೆ, ಅದಕ್ಕೆ ಹೊರಳುತ್ತದೆ. ವರ್ಡ್‌ಪ್ರೆಸ್‌ನ ಸೆಟ್ಟಿಂಗ್‌ನಲ್ಲಿ ಸೈಟ್‌ನ ಭಾಷೆ ಕನ್ನಡ ಎಂದು ಆರಿಸಿದರೆ ಸಾಮಾನ್ಯವಾಗಿ ಇದು ತಾನಾಗಿ ಆಗುತ್ತದೆ.

ಕೀಬೋರ್ಡ್, ಚಲನೆ

ಟ್ಯಾಬ್ ಕೀ ಒತ್ತುತ್ತ ಹೋದರೆ ನಾವು ಎಲ್ಲಿದ್ದೇವೆ ಎಂದು ತೋರಿಸುವ ಗೆರೆಯನ್ನು ಥೀಮ್‌ನವರು ‘ಕೊಳಕಾಗಿ ಕಾಣುತ್ತದೆ’ ಎಂದು ತೆಗೆದಿರುತ್ತಾರೆ. ಕೈ ನಡುಗುವವರು, ಮೌಸ್ ಹಿಡಿಯಲಾಗದವರು ಆ ಗೆರೆಯನ್ನೇ ನಂಬಿ ಓಡಾಡುವುದು. ಅದನ್ನು ಮತ್ತೆ ತನ್ನಿ: ಫೋಕಸ್-ವಿಸಿಬಲ್ ಸ್ಥಿತಿಗೆ (ಕೀಬೋರ್ಡ್‌ನಿಂದ ಬಂದು ನಿಂತಾಗ) 3 ಪಿಕ್ಸೆಲ್‌ನ ಕಡುಬಣ್ಣದ ಔಟ್‌ಲೈನ್, 2 ಪಿಕ್ಸೆಲ್ ಅಂತರ. ಮೌಸ್‌ನಲ್ಲಿ ಬಟನ್ ಒತ್ತಿದಾಗ ಇದು ಕಾಣಿಸುವುದಿಲ್ಲ, ಹಾಗಾಗಿ ಅಂದಗೆಟ್ಟಿತೆಂಬ ದೂರಿಗೂ ಜಾಗವಿಲ್ಲ.

ಮೂರು ಗೆರೆಯ ಮೆನು ಇನ್ನೊಂದು ಸಿಕ್ಕು. ಮುಚ್ಚಿದಾಗ ಅದು ಪರದೆಯ ಬಲಕ್ಕೆ ಸರಿದು ಮರೆಯಾಗುತ್ತದೆಯೇ ಹೊರತು ನಿಜಕ್ಕೂ ಮುಚ್ಚಿಕೊಳ್ಳುವುದಿಲ್ಲ. ಒಳಗಿನ 14 ಕೊಂಡಿಗಳೂ ಟ್ಯಾಬ್‌ಗೆ ಸಿಗುತ್ತಲೇ ಇರುತ್ತವೆ. ಕೀಬೋರ್ಡ್ ಬಳಸುವವರು ಹದಿನಾಲ್ಕು ಸಲ ಟ್ಯಾಬ್ ಒತ್ತುತ್ತಾರೆ, ಪರದೆಯಲ್ಲಿ ಏನೂ ಅಲ್ಲಾಡುವುದಿಲ್ಲ. ಮೆನು ಮುಚ್ಚಿರುವಾಗ ಅದಕ್ಕೆ, ಒಳಗಿನದ್ಯಾವುದೂ ಟ್ಯಾಬ್‌ಗೆ ಸಿಗದಂತೆ ಮಾಡುವ ಇನರ್ಟ್ ಗುಣ ಸೇರಿಸಿದರೆ ಈ ಕಗ್ಗಂಟು ಬಿಚ್ಚುತ್ತದೆ. ಮೆನು ಬಟನ್ ಕೂಡ ನಿಜವಾದ ಬಟನ್ ಆಗಿರಬೇಕು. ಡಿವ್ ಎಂಬ ಬರೀ ಡಬ್ಬಿಯ ಮೇಲೆ ಕ್ಲಿಕ್ ಕಟ್ಟಿದ್ದರೆ ಕೀಬೋರ್ಡ್‌ಗೆ ಅದು ಸಿಗುವುದೇ ಇಲ್ಲ.

ಕೊಠಡಿಯ ದರ ಫೋಟೊ ಮೇಲೆ ಮೌಸ್ ಇಟ್ಟಾಗ ಮಾತ್ರ ಮೂಡುವ ಥೀಮ್‌ಗಳಿವೆ. ಫೋನಿನಲ್ಲಿ ಮೌಸ್ ಎಲ್ಲಿಂದ ಬರಬೇಕು? ಜನ ಮೊದಲು ಹುಡುಕುವುದೇ ದರವನ್ನು. ಅದು ಸದಾ ಕಾಣುತ್ತಿರಲಿ.

ಸರಿಸಿದಾಗ ಮೂಡುವ ಫೋಟೊಗಳ ತಂತ್ರ ಹೀಗಿದೆ: ಮೊದಲಿಗೆ ಎಲ್ಲವೂ ಅದೃಶ್ಯ, ಸ್ಕ್ರಿಪ್ಟ್ ಬಂದು ಒಂದೊಂದನ್ನೇ ಕಾಣಿಸುತ್ತದೆ. ಸ್ಕ್ರಿಪ್ಟ್ ಎಡವಿದರೆ ಪುಟ ಖಾಲಿ. ಮುದ್ರಿಸಲು ಹೋದರೆ ಅರ್ಧ ಹಾಳೆ ಬಿಳಿ. ಹಿನ್ನೆಲೆ ಒಂದು ವೇಗದಲ್ಲಿ, ಮುನ್ನೆಲೆ ಇನ್ನೊಂದು ವೇಗದಲ್ಲಿ ಸಾಗುವ ಪ್ಯಾರಲಾಕ್ಸ್ ಒಳಗಿವಿಯ ತೊಂದರೆ ಇರುವವರಿಗೆ ತಲೆಸುತ್ತು, ವಾಕರಿಕೆ ತರುತ್ತದೆ. ಫೋನಿನಲ್ಲೂ ವಿಂಡೋಸ್‌ನಲ್ಲೂ ಅನಿಮೇಷನ್ ಬೇಡವೆಂದು ಹೇಳುವ ಸೆಟ್ಟಿಂಗ್ ಇದೆ. ಸೈಟ್ ಆ ಕೋರಿಕೆಯನ್ನು ಓದಿ ತಣ್ಣಗಿರಬೇಕು. ಅತಿಥಿಗಳ ಮೆಚ್ಚುಗೆಯ ಮಾತುಗಳು ನಾಲ್ಕು ಸೆಕೆಂಡಿಗೊಮ್ಮೆ ಜಾರಿಹೋಗುವ ಪಟ್ಟಿಗೆ ನಿಲ್ಲಿಸುವ ಬಟನ್ ಬೇಕು. 5 ಸೆಕೆಂಡಿಗಿಂತ ಹೆಚ್ಚು ತಾನಾಗಿ ಚಲಿಸುವ ಯಾವುದಕ್ಕೂ ಅದು ಕಡ್ಡಾಯ. ಮೂರು ಮಾತುಗಳನ್ನು ಒಂದರ ಕೆಳಗೊಂದು ಸುಮ್ಮನೆ ಬರೆದಿಟ್ಟರೆ ಇನ್ನೂ ಒಳ್ಳೆಯದು.

ಬುಕಿಂಗ್ ಫಾರ್ಮ್

ಇಡೀ ಥೀಮ್ ನಿಲ್ಲುವುದು, ಬೀಳುವುದು ಇಲ್ಲಿ. ದಿನಾಂಕದ ಜಾಗದಿಂದ ಶುರು ಮಾಡೋಣ. ಮುಟ್ಟಿದರೆ ಎರಡು ತಿಂಗಳ ಚೆಂದದ ಕ್ಯಾಲೆಂಡರ್ ಬಿಚ್ಚಿಕೊಳ್ಳುತ್ತದೆ. ಮೊದಲ ಮುಟ್ಟು ಬರುವ ದಿನ, ಎರಡನೆಯದು ಹೊರಡುವ ದಿನ, ನಡುವಿನ ದಿನಗಳು ಬಣ್ಣ ಬಳಿದುಕೊಳ್ಳುತ್ತವೆ. ಕಣ್ಣಿಗೆ ಸೊಗಸು. ಟಾಕ್‌ಬ್ಯಾಕ್ ಹಚ್ಚಿ ಅದೇ ಕ್ಯಾಲೆಂಡರ್ ಮೇಲೆ ಬೆರಳಾಡಿಸಿ: ‘15’, ‘16’, ‘17’ ಎಂದಷ್ಟೇ ಕೇಳುತ್ತದೆ. ಯಾವ ತಿಂಗಳು, ಯಾವ ವಾರ, ರೂಮ್ ಖಾಲಿ ಇದೆಯೇ, ಯಾವ ಮಾತೂ ಇಲ್ಲ. ತಿಂಗಳು ಬದಲಿಸುವ ಬಾಣಕ್ಕೆ ಹೆಸರಿಲ್ಲದ್ದರಿಂದ ಬರೀ ‘ಬಟನ್’. ಭರ್ತಿಯಾದ ದಿನಕ್ಕೂ ಖಾಲಿ ದಿನಕ್ಕೂ ಇರುವ ವ್ಯತ್ಯಾಸ ತಿಳಿಬೂದು, ಕಡುಬೂದು. ಕೆಲವೆಡೆ ಕೆಂಪು, ಹಸಿರು. ಬಣ್ಣ ಗುರುತಿಸಲು ಕಷ್ಟಪಡುವವರಿಗೆ ಎರಡೂ ಒಂದೇ. ಬರುವ ದಿನ ಆಯ್ದಾಯಿತು, ಇನ್ನು ಹೊರಡುವ ದಿನ ಆರಿಸಿ ಎಂದು ಹೇಳುವವರೂ ಯಾರಿಲ್ಲ.

ಕೀಬೋರ್ಡ್‌ನಲ್ಲಿ ಸ್ಥಿತಿ ಇನ್ನೂ ಶೋಚನೀಯ. ದಿನಗಳೆಲ್ಲ ಬರೀ ಡಬ್ಬಿಗಳು, ಟ್ಯಾಬ್ ಅವನ್ನು ಹಾರಿಕೊಂಡು ಹೋಗುತ್ತದೆ. ಕೈಯಾರೆ ಟೈಪ್ ಮಾಡೋಣವೆಂದರೆ ಆ ಜಾಗವನ್ನು ಓದಲು ಮಾತ್ರ ಎಂದು ಬೀಗ ಹಾಕಿರುತ್ತಾರೆ, ಯಾರೂ ತಪ್ಪು ನಮೂನೆಯಲ್ಲಿ ಬರೆಯದಿರಲಿ ಎಂದು. ಇದ್ದ ಎರಡು ಬಾಗಿಲೂ ಮುಚ್ಚಿದವು.

ನಮೂನೆಯ ವಿಷಯಕ್ಕೆ ಬಂದರೆ, ಆರಿಸಿದ ದಿನ ‘05/08’ ಎಂದು ಕಾಣುತ್ತದೆ. ಥೀಮ್ ಅಮೆರಿಕದ ರೂಢಿಯಂತೆ ಮೇ 8 ಎಂದು ಬರೆದದ್ದು. ನಮ್ಮವರು ಓದುವುದು ಆಗಸ್ಟ್ 5. ತಿಂಗಳ ಹೆಸರನ್ನು ಅಕ್ಷರದಲ್ಲಿ, ‘8 ಮೇ’ ಎಂಬಂತೆ ತೋರಿಸುವುದೊಂದೇ ದಾರಿ.

ಪರಿಹಾರ ಎಲ್ಲರ ಕೈಯಲ್ಲೇ ಇದೆ: ಬ್ರೌಸರ್‌ನದೇ ದಿನಾಂಕದ ಇನ್‌ಪುಟ್ ಎರಡು, ಒಂದಕ್ಕೆ ‘ಬರುವ ದಿನ’, ಇನ್ನೊಂದಕ್ಕೆ ‘ಹೊರಡುವ ದಿನ’ ಎಂಬ ಲೇಬಲ್. ಆಂಡ್ರಾಯ್ಡ್‌ನಲ್ಲಿ ಮುಟ್ಟಿದರೆ ಫೋನಿನ ಸ್ವಂತ ಕ್ಯಾಲೆಂಡರ್ ತೆರೆಯುತ್ತದೆ, ಟಾಕ್‌ಬ್ಯಾಕ್ ತಿಂಗಳು ವರ್ಷ ಸಹಿತ ಓದುತ್ತದೆ. ಕಂಪ್ಯೂಟರಿನಲ್ಲಿ ಟೈಪ್ ಮಾಡಬಹುದು. ಕನಿಷ್ಠ ಮಿತಿಯಾಗಿ ಇವತ್ತಿನ ದಿನ ಕೊಟ್ಟರೆ ಹಿಂದಿನ ದಿನ ಆರಿಸಲು ಬಿಡದು. ಡೆಮೊದಷ್ಟು ಚೆಂದ ಕಾಣುವುದಿಲ್ಲ, ನಿಜ. ರೂಮ್ ಬುಕ್ ಆಗುತ್ತದೆ.

ಎಷ್ಟು ಜನ ಎಂದು ಹೇಳುವ ಕೂಡು, ಕಳೆ ಗುರುತುಗಳು 18 ಪಿಕ್ಸೆಲ್‌ನವು, ಒಂದಕ್ಕೊಂದು ಅಂಟಿಕೊಂಡಿವೆ. ಮಾರ್ಗಸೂಚಿಯ ಕನಿಷ್ಠ ಗಾತ್ರ 24ಕ್ಕೆ 24. ಅದಕ್ಕಿಂತ ಚಿಕ್ಕದಾದರೆ ಸುತ್ತ ಸಾಕಷ್ಟು ಖಾಲಿ ಜಾಗ ಬೇಕು. ಹೆಬ್ಬೆರಳಿಗೆ ನಿಜವಾಗಿ ಬೇಕಾದದ್ದು 44. ದೊಡ್ಡವರು ಇಬ್ಬರು ಎಂದು ಒತ್ತಲು ಹೋಗಿ ಮಕ್ಕಳು ನಾಲ್ವರಾಗುವುದು ಇಲ್ಲಿಯೇ. ಆರು ಜನರವರೆಗೆ ಸಾಮಾನ್ಯ ಆಯ್ಕೆಪಟ್ಟಿ ಸಾಕು.

ಜಾಗದ ಹೆಸರನ್ನು ಮೇಲೆ ಬರೆಯದೆ ಒಳಗೇ ಮಂಕಾಗಿ ಬರೆದಿರುತ್ತಾರೆ. ಟೈಪ್ ಮಾಡಲು ತೊಡಗಿದ ಕೂಡಲೇ ಅದು ಮಾಯ. ಅರ್ಧದಲ್ಲಿ ಫೋನ್ ಬಂದು, ಮಾತಾಡಿ ಮರಳಿದವರಿಗೆ ಯಾವ ಜಾಗದಲ್ಲಿ ಏನು ಬರೆಯುತ್ತಿದ್ದೆವು ಎಂಬುದೇ ತಿಳಿಯದು. ಬಣ್ಣವೂ 170ರ ಬೂದು, ಕಾಂಟ್ರಾಸ್ಟ್ 2.3. ಪ್ರತಿ ಜಾಗದ ಮೇಲೂ ಕಾಣುವ ಲೇಬಲ್ ಬರಲಿ, ಅದು ಕೋಡ್‌ನಲ್ಲಿ ಆ ಇನ್‌ಪುಟ್‌ಗೆ ಕಟ್ಟಿರಲಿ.

ಹೆಸರಿನ ಜಾಗ ಎರಡು, ಮೊದಲ ಹೆಸರು ಮತ್ತು ಕೊನೆಯ ಹೆಸರು, ಎರಡೂ ಕಡ್ಡಾಯ. ನಮ್ಮಲ್ಲಿ ಊರಿನದೋ ಅಪ್ಪನದೋ ಇನಿಷಿಯಲ್ ಬಿಟ್ಟರೆ ‘ಕೊನೆಯ ಹೆಸರು’ ಇಲ್ಲದವರು ಎಷ್ಟೋ ಮಂದಿ. ಚುಕ್ಕೆ ಹಾಕಿದರೆ ಫಾರ್ಮ್ ಒಪ್ಪದು, ಕನ್ನಡದಲ್ಲಿ ಬರೆದರೆ ‘ಅಮಾನ್ಯ’ ಎನ್ನುತ್ತದೆ, ಏಕೆಂದರೆ ತಪಾಸಣೆಯ ಸೂತ್ರದಲ್ಲಿ ಇಂಗ್ಲಿಷ್ ಅಕ್ಷರಕ್ಕಷ್ಟೇ ಪ್ರವೇಶ. ‘ಹೆಸರು’ ಎಂಬ ಒಂದೇ ಜಾಗ ಇರಲಿ, ತಪಾಸಣೆ ತೆಗೆಯಿರಿ. ಹೆಸರು ಸರಿಯೋ ತಪ್ಪೋ ಎಂದು ಹೇಳುವ ಅಧಿಕಾರ ಫಾರ್ಮ್‌ಗೆ ಇಲ್ಲ.

ಫೋನ್ ನಂಬರಿನ ದೋಷ ಕಣ್ಣಿಗೆ ಬೀಳದಂಥದ್ದು, ಅದಕ್ಕೇ ಹೆಚ್ಚು ಅಪಾಯ. ಗರಿಷ್ಠ ಉದ್ದ 10 ಎಂದು ಕಟ್ಟಿರುತ್ತಾರೆ. ಬೇರೆಡೆಯಿಂದ ನಂಬರ್ ಕಾಪಿ ಮಾಡಿ ಹಾಕಿದರೆ ಮುಂದೆ +91 ಸೇರಿ 13 ಅಕ್ಷರ ಇರುತ್ತದೆ. ಬ್ರೌಸರ್ ತುಟಿಪಿಟಕ್ಕೆನ್ನದೆ ಕೊನೆಯ ಮೂರು ಅಂಕಿ ಕತ್ತರಿಸಿ ಬಿಸಾಡುತ್ತದೆ. ಫಾರ್ಮ್ ಸಲ್ಲಿಕೆಯಾಗುತ್ತದೆ, ಮಾಲೀಕರು ಆ ನಂಬರಿಗೆ ಕರೆ ಮಾಡುತ್ತಾರೆ, ಕರೆ ಹೋಗುವುದಿಲ್ಲ, ಅತಿಥಿ ಸುಳ್ಳು ನಂಬರ್ ಕೊಟ್ಟರೆಂದು ಬುಕಿಂಗ್ ರದ್ದಾಗುತ್ತದೆ. ಇನ್‌ಪುಟ್ ಬಗೆ ಟೆಲ್, ಉದ್ದದ ಮಿತಿ 16, ಆಟೊಕಂಪ್ಲೀಟ್ ಟೆಲ್ ಎಂದಿಡಿ. +91, ಸೊನ್ನೆ, ಖಾಲಿ ಜಾಗಗಳನ್ನು ಸರ್ವರ್‌ನಲ್ಲಿ ತೆಗೆದುಕೊಳ್ಳಿ.

ತಪ್ಪಾದಾಗ ಏನಾಗುತ್ತದೆ? ಜಾಗದ ಸುತ್ತ ಕೆಂಪು ಗೆರೆ, ಅಷ್ಟೇ. ಏನು ತಪ್ಪು, ಹೇಗೆ ಸರಿಪಡಿಸಬೇಕು ಎಂಬ ಮಾತಿಲ್ಲ. ಕಾಣದವರಿಗೆ ತಪ್ಪಾಯಿತೆಂಬ ಸುಳಿವೂ ಇಲ್ಲ, ಬಟನ್ ಒತ್ತಿದರು, ಮೌನ. ಜಾಗದ ಕೆಳಗೆ ‘ಫೋನ್ ನಂಬರಿನಲ್ಲಿ 10 ಅಂಕಿ ಇರಬೇಕು, 7 ಮಾತ್ರ ಇವೆ’ ಎಂದು ಬರೆಯಬೇಕು. ಆ ಸಾಲನ್ನು ಏರಿಯಾ-ಡಿಸ್ಕ್ರೈಬ್ಡ್‌ಬೈ ಎಂಬ ಕೋಡ್ ಗುರುತಿನ ಮೂಲಕ ಜಾಗಕ್ಕೆ ಕಟ್ಟಿ, ಫೋಕಸ್ ಅನ್ನು ಮೊದಲ ತಪ್ಪಿನ ಜಾಗಕ್ಕೆ ಒಯ್ಯಬೇಕು. ಸ್ಪ್ಯಾಮ್ ತಡೆಯಲು ಟ್ರಾಫಿಕ್ ಸಿಗ್ನಲ್ ಹುಡುಕಿಸುವ ಚಿತ್ರದ ಪರೀಕ್ಷೆ ಬೇಡ. ಯಂತ್ರಗಳಷ್ಟೇ ತುಂಬುವ ಒಂದು ಮರೆಯ ಜಾಗ ಇಟ್ಟು, ಅದು ತುಂಬಿದ್ದರೆ ತಿರಸ್ಕರಿಸಿ. ಆ ಜಾಗ ಟ್ಯಾಬ್‌ಗೂ ಸ್ಕ್ರೀನ್ ರೀಡರ್‌ಗೂ ಸಿಗದಂತೆ ನೋಡಿಕೊಳ್ಳಿ. ಕೊನೆಗೆ, ಬಲ ಮೂಲೆಯಲ್ಲಿ ತೇಲುವ ವಾಟ್ಸ್‌ಆ್ಯಪ್ ಗುಂಡಿ 360 ಪಿಕ್ಸೆಲ್ ಪರದೆಯಲ್ಲಿ ‘ಕಳುಹಿಸಿ’ ಬಟನ್ ಮೇಲೆಯೇ ಕೂರುತ್ತದೆ. ಪುಟದ ಅಡಿಗೆ 96 ಪಿಕ್ಸೆಲ್ ಖಾಲಿ ಜಾಗ ಕೊಟ್ಟರೆ ಎರಡೂ ಬೇರೆಯಾಗುತ್ತವೆ.

ಅಂಕ, ವಿಜೆಟ್

ಥೀಮ್‌ನ ಮಾರಾಟದ ಪುಟದಲ್ಲಿ ಗೂಗಲ್‌ನ ಲೈಟ್‌ಹೌಸ್ ಎಂಬ ಯಂತ್ರ ಪರೀಕ್ಷೆಯಲ್ಲಿ 96 ಅಂಕ, 98 ಅಂಕ ಎಂಬ ಹಸಿರು ವೃತ್ತ ಕಾಣಬಹುದು. ಅಂಕ ಸುಳ್ಳಲ್ಲ. ಆದರೆ ಚಿತ್ರ, ವಿಡಿಯೊ ಮೇಲಿನ ಅಕ್ಷರದ ಕಾಂಟ್ರಾಸ್ಟ್ ಅನ್ನು ಯಂತ್ರಕ್ಕೆ ಲೆಕ್ಕ ಹಾಕಲಾಗದು, ಹಾಗಾಗಿ ಆ 1.67ಕ್ಕೆ ಅಂಕ ಕಳೆಯುವುದಿಲ್ಲ. ಕ್ಯಾಲೆಂಡರ್ ಕೀಬೋರ್ಡ್‌ಗೆ ಸಿಗುತ್ತದೆಯೇ ಎಂದು ಅದು ಒತ್ತಿ ನೋಡುವುದಿಲ್ಲ. ಫೋಟೊಗೆ ಆಲ್ಟ್ ಪಠ್ಯ (ಚಿತ್ರದಲ್ಲಿ ಏನಿದೆ ಎಂದು ಸ್ಕ್ರೀನ್ ರೀಡರ್‌ಗೆ ಹೇಳುವ ಸಾಲು) ಇದೆಯೇ ಎಂದು ನೋಡುತ್ತದೆ. ಅದು ‘ಐಎಂಜಿ 2043’ ಎಂದಿದ್ದರೂ ಪಾಸ್.

ಆಲ್ಟ್ ಪಠ್ಯವನ್ನು ಬರೆಯಬೇಕಾದವರು ಮಾಲೀಕರೇ. ‘ಸುಂದರ ಕೊಠಡಿ’ ಎಂದರೆ ಯಾರಿಗೂ ಉಪಯೋಗವಿಲ್ಲ. ‘ಡಬಲ್ ಬೆಡ್ ಕೊಠಡಿ, ಬಾಗಿಲಿಗೆ ಎರಡು ಮೆಟ್ಟಿಲು, ತೋಟದ ಕಡೆ ಕಿಟಕಿ’ ಎಂದರೆ ಕಾಣದವರಿಗೆ ಚಿತ್ರ ಸಿಗುತ್ತದೆ. ಮೆಟ್ಟಿಲ ಸಂಖ್ಯೆ, ಬಚ್ಚಲ ಬಾಗಿಲ ಅಗಲ, ಕಮೋಡ್ ಯಾವ ಬಗೆ ಎಂಬುದನ್ನು ಪುಟದ ಪಠ್ಯದಲ್ಲೂ ಬರೆಯಿರಿ. ಗಾಲಿಕುರ್ಚಿಯವರಿಗೂ, ಮಂಡಿನೋವಿನ ಅಜ್ಜಿಯನ್ನು ಕರೆದುಕೊಂಡು ಬರುವವರಿಗೂ ಬೇಕಾದ ಈ ಮಾಹಿತಿಗೆ ಥೀಮ್‌ನಲ್ಲಿ ಜಾಗವೇ ಇಟ್ಟಿರುವುದಿಲ್ಲ.

ಒಂದು ಸಾಲು ಕೋಡ್ ಸೇರಿಸಿ, ಸೈಟ್ ಎಲ್ಲರಿಗೂ ಎಟಕುತ್ತದೆ ಎಂದು ಮಾರುವ ವಿಜೆಟ್‌ಗಳನ್ನು ದಯವಿಟ್ಟು ನಂಬಬೇಡಿ. ಮೂಲೆಯಲ್ಲಿ ಗುಂಡಿ ಮೂಡಿ ಅಕ್ಷರ ದೊಡ್ಡದು ಮಾಡುವ, ಬಣ್ಣ ತಿರುಗಿಸುವ ಸವಲತ್ತು ಕೊಡುತ್ತದೆ. ಅದೆಲ್ಲ ಫೋನಿನಲ್ಲೂ ಬ್ರೌಸರ್‌ನಲ್ಲೂ ಮೊದಲೇ ಇದೆ. ಬೀಗ ಹಾಕಿದ ದಿನಾಂಕದ ಜಾಗವನ್ನು ಅದು ತೆರೆಯಲಾರದು. ಯಾವ ಸೈಟನ್ನಾದರೂ ಡಬ್ಲ್ಯುಸಿಎಜಿಗೆ ಹೊಂದಿಸಿಕೊಡುತ್ತೇವೆಂದು ಪ್ರಚಾರ ಮಾಡಿದ, ಇಂಥದೇ ವಿಜೆಟ್ ಮಾರುವ ಆಕ್ಸೆಸಿಬಿ ಕಂಪನಿ 10 ಲಕ್ಷ ಡಾಲರ್ ಕಟ್ಟಬೇಕೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರಲ್ಲಿ ಆದೇಶಿಸಿತು. ನಮ್ಮಲ್ಲೂ ವಿಷಯ ಸೌಜನ್ಯದ ಮಟ್ಟ ದಾಟಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಸೇವೆಗಳು ಅಂಗವಿಕಲರಿಗೂ ಎಟಕುವಂತಿರಬೇಕೆನ್ನುವ 46ನೇ ಕಲಂ ಸೇವೆ ಕೊಡುವ ಖಾಸಗಿಯವರಿಗೂ ಅನ್ವಯಿಸುತ್ತದೆ. ಡಿಜಿಟಲ್ ಸೇವೆಗಳು ಕೈಗೆಟಕುವುದು ಸಂವಿಧಾನದ 21ನೇ ವಿಧಿಯ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಹೇಳಿದೆ.

ಕೊಳ್ಳಬಹುದೇ?

ಈಗಾಗಲೇ ಕೊಂಡವರು ಎಸೆಯಬೇಕಿಲ್ಲ. ಬಣ್ಣ, ಲೈನ್-ಹೈಟ್, ಅಕ್ಷರದ ಅಂತರ, ಫೋಕಸ್ ಗೆರೆ, ಪ್ರೀಲೋಡರ್ ಇವೆಲ್ಲ ಚೈಲ್ಡ್ ಥೀಮ್‌ನಲ್ಲಿ (ಮೂಲ ಥೀಮ್ ಮುಟ್ಟದೆ ನಮ್ಮ ತಿದ್ದುಪಡಿಗಳನ್ನಷ್ಟೇ ಇಡುವ ಪ್ರತ್ಯೇಕ ಪದರ) ಬೆರಳೆಣಿಕೆಯ ಸಾಲುಗಳಲ್ಲಿ ಸರಿಯಾಗುತ್ತವೆ. ಮೂಲ ಥೀಮ್‌ನಲ್ಲೇ ತಿದ್ದಿದರೆ ಮುಂದಿನ ಅಪ್‌ಡೇಟ್ ಎಲ್ಲವನ್ನೂ ಅಳಿಸಿಹಾಕುತ್ತದೆ, ಅಲ್ಲಿ ಕೈ ಹಾಕಬೇಡಿ. ಬುಕಿಂಗ್ ಫಾರ್ಮ್ ಮಾತ್ರ ತೇಪೆ ಹಾಕಿ ಉಳಿಸುವಂಥದ್ದಲ್ಲ. ಅದನ್ನು ಪೂರ್ತಿ ತೆಗೆದು ಬ್ರೌಸರ್‌ನ ಸಾದಾ ಇನ್‌ಪುಟ್‌ಗಳಿಂದ ಹೊಸದಾಗಿ ಕಟ್ಟಿಸಿ.

ಇನ್ನೂ ಕೊಳ್ಳದವರು ಹಣ ಕೊಡುವ ಮೊದಲು ಡೆಮೊವನ್ನು ಫೋನಿನಲ್ಲಿ ತೆರೆದು, ಕಣ್ಣು ಮುಚ್ಚಿ, ಟಾಕ್‌ಬ್ಯಾಕ್ ಹಚ್ಚಿ ಎರಡು ದಿನಾಂಕ ಆರಿಸಲು ಪ್ರಯತ್ನಿಸಿ. ಆಮೇಲೆ ಕಂಪ್ಯೂಟರಿನಲ್ಲಿ ಮೌಸ್ ಬದಿಗಿಟ್ಟು ಅದೇ ಕೆಲಸ ಮಾಡಿ. ಸೈಟ್ ಮಾಡುವವರಿಗೆ ಹೇಳಿ ಒಂದು ಶೀರ್ಷಿಕೆಯಲ್ಲಿ ‘ಚಿಕ್ಕಮಗಳೂರು’ ಎಂದು ಬರೆಸಿ ನೋಡಿ. ಮೂರರಲ್ಲಿ ಒಂದು ಕೈಕೊಟ್ಟರೂ, ಮತ್ತು ಅದನ್ನು ಸರಿಪಡಿಸುತ್ತೇವೆಂದು ಮಾಡುವವರು ಬರೆದುಕೊಡದಿದ್ದರೆ, ಆ ಥೀಮ್ ಬೇಡ. ಅದರ ಬದಲು ಒಂದೇ ಒಂದು ಪುಟ ಮಾಡಿಸಿ: ನಾಲ್ಕು ಫೋಟೊ, ದರಪಟ್ಟಿ, ಬಸ್ ಇಳಿಯುವ ನಿಲ್ದಾಣದಿಂದ ಬರುವ ದಾರಿ, ಮತ್ತು ಮುಟ್ಟಿದರೆ ಕರೆ ಹೋಗುವ ಫೋನ್ ನಂಬರ್, ಪಠ್ಯವಾಗಿ, 20 ಪಿಕ್ಸೆಲ್ ಗಾತ್ರದಲ್ಲಿ, ಪುಟದ ಮೇಲ್ತುದಿಯಲ್ಲೇ.